"ಡಾಕ್ಟರು ಯಾವಾಗ ಬರ್ತಾರೆ?" ಎಡಿಎಚ್‌ಡಿ ಪರೀಕ್ಷೆ, ರಿಸರ್ಚ್ ಕ್ಲಿನಿಕ್ಕು, ನಮ್ಮ 14 ತಿಂಗಳು

ಮಗನನ್ನು ಎಡಿಎಚ್‌ಡಿ (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ) ಪರೀಕ್ಷೆಗೆ ಕರೆದುಕೊಂಡು ಹೋಗಿದ್ದ ರಿಸರ್ಚ್ ಕ್ಲಿನಿಕ್ಕಿನಿಂದ ಹೋದ ವಾರ ಕೊನೆಯ ಪತ್ರ ಬಂತು. ಎರಡೂವರೆ ಪುಟ. ಓದಿದೆ, ನಮ್ಮನೆಯವರಿಗೂ ಓದಿ ಹೇಳಿದೆ, ಫ್ರಿಜ್ಜಿಗೆ ಅಂಟಿಸಿದೆ. ಇನ್ನೊಂದು ತಿಂಗಳು ಬಿಟ್ಟರೆ ಯಾವ ಫಾರಂ ಯಾವಾಗ ತುಂಬಿದೆ ಅನ್ನೋದೇ ಮರೆತುಹೋಗುತ್ತದೆ, ಅದಕ್ಕೆ ಈಗಲೇ ಬರೆದುಬಿಡುತ್ತೇನೆ. ಕಳೆದ ವರ್ಷ ರಾತ್ರಿ ಹನ್ನೆರಡರವರೆಗೆ ಕೂತು ಹುಡುಕುವಾಗ, ಮಗುವನ್ನು ಇಂಥ ಕಡೆ ಕರೆದುಕೊಂಡು ಹೋದ ಕನ್ನಡದವರು ಯಾರಾದರೂ ಒಂದು ಪುಟ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತ್ತು.

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗ್ ಹತ್ತಿರ, ಮನ್ರೋವಿಲ್‌ನಲ್ಲಿ. ಊರು ಶಿವಮೊಗ್ಗ. ಮಗನಿಗೆ ಈಗ ಎಂಟು ವರ್ಷ. ಅವನ ಹೆಸರು ಬೇಡ, ಮನೆಯಲ್ಲಿ ಕರೆಯುವ ಹಾಗೆ ಪುಟ್ಟ ಅಂತಲೇ ಇರಲಿ. ಕ್ಲಿನಿಕ್ಕಿನ ಹೆಸರೂ ಬೇಡ, ಊರೊಳಗಿನ ಒಂದು ಯೂನಿವರ್ಸಿಟಿಯದು ಅಂದರೆ ಸಾಕು.

ಶುರುವಾಗಿದ್ದು ಕಳೆದ ವರ್ಷ ಅಕ್ಟೋಬರ್‌ನಲ್ಲಿ. ಎರಡನೇ ಕ್ಲಾಸಿನ ಟೀಚರ್ ಕರೆದರು. ಹುಡುಗ ಚುರುಕು, ಓದುತ್ತಾನೆ, ಆದರೆ ಒಂದು ಲೆಕ್ಕ ಮಾಡೋಕೆ ನಲವತ್ತು ನಿಮಿಷ ಬೇಕು, ಅದರಲ್ಲಿ ಅರ್ಧ ಹೊತ್ತು ಕುರ್ಚಿಯ ಕೆಳಗೆ ಇರುತ್ತಾನೆ ಅಂದರು. ಪರೀಕ್ಷೆ ಮಾಡಿಸಿ ಅಂದರು. ಏನು ಪರೀಕ್ಷೆ, ಎಲ್ಲಿ, ಯಾರು ಮಾಡುತ್ತಾರೆ, ಏನೂ ಹೇಳಲಿಲ್ಲ. ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಅತ್ತೆ ನಕ್ಕುಬಿಟ್ಟರು. "ಗಂಡು ಹುಡುಗ್ರು ಅಂದ್ಮೇಲೆ ಹಂಗೇ ಕಣೆ. ಅವ್ರಪ್ಪ ಏನ್ ಕಮ್ಮಿ ಇದ್ನಾ? ದಿನಾ ಒಂದು ಪೆನ್ಸಿಲ್ ಕಳ್ಕೊಂಡ್ ಬರ್ತಿದ್ದ." ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನವೆಂಬರ್‌ನಲ್ಲಿ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ವ್ಯಾಂಡರ್‌ಬಿಲ್ಟ್ ಅಂತ ಒಂದು ಫಾರಂ ಕೊಟ್ಟರು. ನಮಗೆ 55 ಪ್ರಶ್ನೆ, ಟೀಚರಿಗೆ ಬೇರೆ ಫಾರಂ, 43 ಪ್ರಶ್ನೆ. ಮೊದಲ ಒಂಬತ್ತು ಗಮನದ ಬಗ್ಗೆ, ಮುಂದಿನ ಒಂಬತ್ತು ಚಡಪಡಿಕೆ, ಅವಸರದ ಬಗ್ಗೆ. ಒಂಬತ್ತರಲ್ಲಿ ಆರಕ್ಕಾದರೂ 'ಆಗಾಗ' ಅಥವಾ 'ತುಂಬಾ ಸಲ' ಅಂತ ಬಂದರೆ ಲೆಕ್ಕಕ್ಕೆ. ಅದೂ ಬರೀ ಸ್ಕೂಲಿನಲ್ಲಿ ಅಥವಾ ಬರೀ ಮನೆಯಲ್ಲಿ ಇದ್ದರೆ ಸಾಲದು, ಎರಡು ಕಡೆಯಾದರೂ ಇರಬೇಕು, ಹನ್ನೆರಡು ವರ್ಷದೊಳಗೇ ಶುರುವಾಗಿರಬೇಕು. ಟೀಚರ್ ಏಳಕ್ಕೆ ಗುರುತು ಹಾಕಿದ್ದರು. ನಾನು ಮೂರಕ್ಕೆ. ಸುಳ್ಳು ಬರೆದೆ ಅಂತಲ್ಲ, ಮನೆಯಲ್ಲಿ ಅವನಿಗೆ ಷೂ ಹಾಕುವುದು, ಬ್ಯಾಗ್ ತುಂಬುವುದು, ಊಟ ತಿನ್ನಿಸುವುದು ಎಲ್ಲ ನಾನೇ ಮಾಡುತ್ತಿದ್ದೆ. ಅವನು ಮರೆಯೋಕೆ ನಾನೇ ಅವಕಾಶ ಕೊಟ್ಟಿರಲಿಲ್ಲ. ಎರಡು ಫಾರಂ ತಾಳೆಯಾಗಲಿಲ್ಲವಲ್ಲ, ಹಾಗಾಗಿ ಡಾಕ್ಟರು ಪೂರ್ತಿ ಪರೀಕ್ಷೆ ಮಾಡಿಸಿ ಅಂದರು.

ಇಲ್ಲಿ ಒಂದು ಮಾತು. ಫಾರಂಗಳು ತಾಳೆಯಾಗಿ, ಬೇರೆ ಗೊಂದಲ ಇಲ್ಲದಿದ್ದರೆ ಅಮೆರಿಕದಲ್ಲಿ ಮಾಮೂಲಿ ಮಕ್ಕಳ ಡಾಕ್ಟರೇ ಎಡಿಎಚ್‌ಡಿ ಅಂತ ಗುರುತಿಸಿ ಚಿಕಿತ್ಸೆ ಶುರು ಮಾಡಬಹುದು. ದೊಡ್ಡ ಟೆಸ್ಟು ಎಲ್ಲರಿಗೂ ಬೇಕಿಲ್ಲ. ಹಾಗಾಗಿ ಫಾರಂ ತುಂಬುವಾಗ ನನ್ನ ಹಾಗೆ ಮಾಡಬೇಡಿ. ನೀವು ಸಹಾಯ ಮಾಡದಿದ್ದರೆ ಮಗು ಏನು ಮಾಡುತ್ತಿತ್ತು ಅಂತ ಯೋಚಿಸಿ ಬರೆಯಿರಿ.

ಡಿಸೆಂಬರ್ ಪೂರ್ತಿ ಫೋನ್ ಮಾಡಿದ್ದೇ ಬಂತು. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಒಂಬತ್ತು ತಿಂಗಳು ಕಾಯಬೇಕು ಅಂದರು. ಇನ್ನೊಂದರಲ್ಲಿ ಆರು ವಾರಕ್ಕೇ ಸಿಗುತ್ತದೆ, ಆದರೆ 2,800 ಡಾಲರ್, ಕೈಯಿಂದ. ಇನ್ಶೂರೆನ್ಸಿನವರಿಗೆ ಕೇಳಿದರೆ ಇದು ಓದಿಗೆ ಸಂಬಂಧಪಟ್ಟಿದ್ದು, ಆರೋಗ್ಯಕ್ಕಲ್ಲ ಅಂತ ಪತ್ರ ಬಂತು. ಆ ಪತ್ರವನ್ನು ಓದಿ ನಾನು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಕೂತು ಅತ್ತುಬಿಟ್ಟೆ. ಸುಸ್ತಾಗಿತ್ತು, ಅಷ್ಟೇ.

ರಿಸರ್ಚ್ ಕ್ಲಿನಿಕ್ಕಿನ ಚೀಟಿ ಸಿಕ್ಕಿದ್ದು ಜನವರಿಯಲ್ಲಿ, ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ. ಗಮನದ ತೊಂದರೆ ಇರುವ ಮಕ್ಕಳೂ ಬೇಕು, ಇಲ್ಲದ ಮಕ್ಕಳೂ ಬೇಕು, ಎಂಆರ್‌ಐ (ಅಯಸ್ಕಾಂತದ ಮಷೀನಿನಲ್ಲಿ ಮಿದುಳಿನ ಚಿತ್ರ ತೆಗೆಯುವುದು) ಇರುತ್ತದೆ, ದುಡ್ಡು ಕೊಡುತ್ತೇವೆ ಅಂತಿತ್ತು. ನಮ್ಮನೆಯವರು ಅದನ್ನು ನೋಡಿ, "ಮಗನನ್ನ ಪ್ರಯೋಗಕ್ಕೆ ಕೊಡೋದಾ?" ಅಂದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಆದರೂ ಫೋನ್ ಮಾಡಿದೆ.

ಫೋನ್ ಎತ್ತಿದ ಹುಡುಗಿಯೇ ಈ ಕಥೆಯ ಮುಖ್ಯ ವ್ಯಕ್ತಿ. ಅವಳನ್ನು ಕೋಆರ್ಡಿನೇಟರ್ ಅನ್ನುತ್ತಾರೆ. ಅವಳು ಡಾಕ್ಟರಲ್ಲ, ಸೈಕಾಲಜಿಸ್ಟೂ ಅಲ್ಲ. 23 ವರ್ಷ, ಸೈಕಾಲಜಿಯಲ್ಲಿ ಡಿಗ್ರಿ ಮುಗಿಸಿ, ಪಿಎಚ್‌ಡಿಗೆ ಅರ್ಜಿ ಹಾಕುವ ಮೊದಲು ಎರಡು ವರ್ಷ ಕೆಲಸ ಕಲಿಯೋಕೆ ಬಂದವಳು. ಅರ್ಧ ಗಂಟೆ ಪ್ರಶ್ನೆ ಕೇಳಿದಳು. ಫಿಟ್ಸ್ ಬಂದಿದೆಯಾ, ಅವಧಿಗೆ ಮುಂಚೆ ಹುಟ್ಟಿದ್ದಾ, ಮೈಯಲ್ಲಿ ಲೋಹ ಇದೆಯಾ, ಹಲ್ಲಿಗೆ ತಂತಿ ಕಟ್ಟಿಸಿದ್ದೀರಾ, ತಲೆಗೆ ಪೆಟ್ಟು ಬಿದ್ದಿದೆಯಾ. ಕೊನೆಗೆ ತಾನಾಗಿಯೇ ಒಂದು ಮಾತು ಹೇಳಿದಳು: ಇದು ಚಿಕಿತ್ಸೆ ಕೊಡುವ ಜಾಗ ಅಲ್ಲ, ನಿಮ್ಮ ಮಗನಿಗೆ ಇದರಿಂದ ಲಾಭ ಆಗುತ್ತದೆ ಅಂತ ಮಾತು ಕೊಡೋಕೆ ನನಗಾಗಲ್ಲ. ಮೂರು ತಿಂಗಳಲ್ಲಿ ನನ್ನ ಹತ್ತಿರ ಇಷ್ಟು ನೇರವಾಗಿ ಮಾತಾಡಿದವರು ಇವಳೊಬ್ಬಳೇ.

ಮಾರ್ಚ್‌ನಲ್ಲಿ ಮೊದಲ ಭೇಟಿ. ಬೆಳಿಗ್ಗೆ ಒಂಬತ್ತಕ್ಕೆ. ಹಿಮ ಬೀಳುತ್ತಿತ್ತು, ಪಾರ್ಕ್‌ವೇ ಈಸ್ಟ್‌ನಲ್ಲಿ ಸ್ಕ್ವಿರಲ್ ಹಿಲ್ ಸುರಂಗದ ಮುಂದೆ ಗಾಡಿಗಳು ಎಂದಿನ ಹಾಗೆ ಆಮೆ ನಡಿಗೆ. (ಹಿಮ ಇಲ್ಲದ ದಿನವೂ ಅಲ್ಲಿ ಜನ ಯಾಕೆ ಬ್ರೇಕ್ ಹಾಕುತ್ತಾರೋ ದೇವರಿಗೇ ಗೊತ್ತು. ಮನ್ರೋವಿಲ್ ಕಡೆಯಿಂದ ಬರುವವರು ಒಂದು ಗಂಟೆ ಇಟ್ಟುಕೊಳ್ಳಿ.) ಪಾರ್ಕಿಂಗ್ ಚೀಟಿಗೆ ಅವರೇ ಸೀಲು ಹಾಕಿಕೊಟ್ಟರು. ಇಲ್ಲದಿದ್ದರೆ ಊರೊಳಗೆ ಅರ್ಧ ದಿನದ ಪಾರ್ಕಿಂಗಿಗೇ ನಮ್ಮ ಹತ್ತಿರ ಇಪ್ಪತ್ತು ಡಾಲರ್ ಹೋಗುತ್ತಿತ್ತು.

ಮೊದಲ ಕೆಲಸ ಒಪ್ಪಿಗೆ ಪತ್ರ. 19 ಪುಟ. ಸುಮ್ನೆ ಸಹಿ ಹಾಕೋಣ ಅಂತ ಪೆನ್ನು ತೆಗೆದರೆ ಕೋಆರ್ಡಿನೇಟರ್ ಬಿಡಲಿಲ್ಲ. ಒಂದೊಂದೇ ಪುಟ ತಿರುಗಿಸಿ ಅರ್ಥ ಹೇಳಿದಳು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಮಗುವಿನ ಹೆಸರಿನ ಬದಲು ಒಂದು ನಂಬರ್ ಇರುತ್ತದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ದುಡ್ಡಿನಲ್ಲಿ ನಡೆಯುವ ಅಧ್ಯಯನವಾದ್ದರಿಂದ ಗೋಪ್ಯತೆಗೆ ಒಂದು ಸರ್ಟಿಫಿಕೇಟ್ ಇದೆ, ಕೋರ್ಟು ಕೇಳಿದರೂ ಹೆಸರು ಕೊಡುವುದಿಲ್ಲ. ಆದರೆ ಮಗುವಿಗೆ ಮನೆಯಲ್ಲಿ ಅಪಾಯ ಇದೆ ಅನ್ನಿಸಿದರೆ ಮಾತ್ರ ನಾವು ತಿಳಿಸಲೇಬೇಕು. ಕೊನೆಯ ಪುಟದಲ್ಲಿ ಐಆರ್‌ಬಿ ಅಂತ ಒಂದು ಸಮಿತಿಯ ಫೋನ್ ನಂಬರ್ ಇರುತ್ತದೆ. ಈ ರಿಸರ್ಚ್ ತಂಡಕ್ಕೆ ಸೇರದ ಜನ, ಅಧ್ಯಯನಕ್ಕೆ ಒಪ್ಪಿಗೆ ಕೊಡುವವರೂ ನಿಲ್ಲಿಸುವವರೂ ಅವರೇ. ಏನಾದರೂ ದೂರಿದ್ದರೆ ಅಲ್ಲಿಗೆ. ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಪುಟ್ಟನಿಗೂ ಒಂದು ಪುಟದ ಒಪ್ಪಿಗೆ ಇತ್ತು, ಚಿತ್ರ ಇದ್ದದ್ದು. ಅಪ್ಪ ಅಮ್ಮ ಹೂಂ ಅಂದರೂ ಅವನು ಒಲ್ಲೆ ಅಂದರೆ ಮಾಡುವುದಿಲ್ಲ ಅಂದಳು. "ಬೇಡ ಅಂದ್ರೆ ನಿಜವಾಗ್ಲೂ ಮನೆಗೆ ಹೋಗ್ಬಹುದಾ?" ಅಂತ ಅವನು ಕೇಳಿದ. ಹೋಗಬಹುದು ಅಂದಳು. ಅವತ್ತು ಸಂಜೆಯೊಳಗೆ ಅದೇ ಪ್ರಶ್ನೆಯನ್ನು ಇನ್ನೂ ಮೂರು ಸಲ ಕೇಳಿದ, ಉತ್ತರ ಬದಲಾಗುತ್ತದಾ ಅಂತ ನೋಡೋಕೆ.

ಆಮೇಲೆ ಅವನನ್ನು ಒಂದು ರೂಮಿಗೆ, ನನ್ನನ್ನು ಇನ್ನೊಂದಕ್ಕೆ. ನನ್ನ ಜೊತೆ ಕೂತಿದ್ದು ಪಿಎಚ್‌ಡಿ ಓದುತ್ತಿದ್ದ ಹುಡುಗ. ಎರಡೂವರೆ ಗಂಟೆ. ಬರೀ ಗಮನದ ಬಗ್ಗೆ ಅಲ್ಲ. ಭಯ, ಬೇಸರ, ನಿದ್ದೆ, ತಿಕ್ಕಲು ಯೋಚನೆ, ಎಲ್ಲಾನೂ ಒಂದೊಂದಾಗಿ ಕೇಳಿದ. ಎಡಿಎಚ್‌ಡಿ ಹಾಗೆ ಕಾಣುವ ಬೇರೆ ತೊಂದರೆಗಳೂ ಇರುತ್ತವಂತೆ, ನಿದ್ದೆಗೆಟ್ಟ ಮಗುವೂ ಹೀಗೇ ಆಡುತ್ತದೆ. 'ಹೌದು' ಅಂದರೆ ಸಾಕಾಗುತ್ತಿರಲಿಲ್ಲ, ಒಂದು ಉದಾಹರಣೆ ಕೊಡಿ ಅನ್ನುತ್ತಿದ್ದ. ಹೋಗುವ ಮೊದಲು ಮನೆಯಲ್ಲೇ ಹತ್ತು ಹನ್ನೆರಡು ಘಟನೆ ಬರೆದುಕೊಂಡು ಹೋಗಿ, ನನಗೆ ಅಲ್ಲಿ ಕೂತಾಗ ಒಂದೂ ಹೊಳೆಯಲಿಲ್ಲ.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಅಂತ ಕೇಳಿದ. ಇಲ್ಲ ಅನ್ನೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಅತ್ತೆಯ ಪೆನ್ಸಿಲ್ ಮಾತು ನೆನಪಾಯಿತು. ಹೇಳಿದೆ. ಅವನು ಬರೆದುಕೊಂಡ. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುವುದು ತುಂಬಾ ಜಾಸ್ತಿ. ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರೆ ಸುಮಾರು ನೂರಕ್ಕೆ 74ರಷ್ಟು ವಂಶದ ಪಾಲು ಅನ್ನುತ್ತಾರೆ. ಅತ್ತೆ ಸಮಾಧಾನಕ್ಕೆ ಹೇಳಿದ್ದು ಇಲ್ಲಿ ದಾಖಲೆ ಆಯಿತು. ಅವತ್ತು ರಾತ್ರಿ ಇದನ್ನು ನಮ್ಮನೆಯವರಿಗೆ ಹೇಳಿದಾಗ ಅವರು ಏನೂ ಮಾತಾಡದೆ ಕಾರಿನ ಕೀಲಿ ಹುಡುಕೋಕೆ ಹೋದರು.

ಪಕ್ಕದ ರೂಮಿನಲ್ಲಿ ಪುಟ್ಟನಿಗೆ ಬುದ್ಧಿಮಟ್ಟದ ಟೆಸ್ಟು, ಓದುವ ಟೆಸ್ಟು, ಆಮೇಲೆ ಕಂಪ್ಯೂಟರಿನ ಮುಂದೆ 14 ನಿಮಿಷದ ಒಂದು ಆಟ. ಅಕ್ಷರ ಬಂದಾಗೆಲ್ಲ ಕೀಲಿ ಒತ್ತಬೇಕು, ಎಕ್ಸ್ ಬಂದರೆ ಮಾತ್ರ ಒತ್ತಬಾರದು. ಕೀತ್ ಕಾನರ್ಸ್ ಅನ್ನುವವರ ಹೆಸರಿನಲ್ಲಿರುವ ಟೆಸ್ಟು. ಅಷ್ಟು ಬೋರು ಹೊಡೆಸುವುದು ಅದರ ಉದ್ದೇಶವೇ ಅಂತ ಆಮೇಲೆ ಗೊತ್ತಾಯಿತು. ಮಧ್ಯದಲ್ಲಿ ಟೆಸ್ಟು ಮಾಡುತ್ತಿದ್ದ ಹುಡುಗಿ ಹೊರಗೆ ಬಂದು ನನ್ನನ್ನು ಕೇಳಿದಳು, "ಗೊತ್ತಿಲ್ಲ ಅಂದರೇನು?" ಪದದ ಅರ್ಥ ಕೇಳುವ ಟೆಸ್ಟಿನಲ್ಲಿ ನಾಲ್ಕು ಕಡೆ ಅವನು ಅದೇ ಹೇಳಿದ್ದನಂತೆ, ಅವಳು ಉತ್ತರವೇ ಇರಬೇಕು ಅಂತ ಹಾಗೇ ಬರೆದುಕೊಂಡಿದ್ದಳು. ನಗಬೇಡಿ, ಎರಡು ಭಾಷೆಯ ಮನೆಯವರು ಮೊದಲೇ ಹೇಳಿಬಿಡಿ. ಮಾತಿನ ಭಾಗದಲ್ಲಿ ಅಂಕ ಕಡಿಮೆ ಬಂದರೆ ಅದು ಭಾಷೆಯಿಂದಲಾ ಗಮನದಿಂದಲಾ ಅಂತ ಅವರು ಆಮೇಲೆ ಬಿಡಿಸಿ ನೋಡಬೇಕಾಗುತ್ತದೆ.

ಮಧ್ಯಾಹ್ನ ನನ್ನನ್ನು ಪುಟ್ಟನನ್ನು ಆಟದ ಸಾಮಾನಿನ ರೂಮಿಗೆ ಬಿಟ್ಟರು. ಕನ್ನಡಿಯ ಆಚೆ ಅವರು, ಮೇಲೆ ಕ್ಯಾಮೆರಾ. ಸ್ವಲ್ಪ ಹೊತ್ತು ಆಡಿ, ಆಮೇಲೆ ಅವನ ಕೈಯಲ್ಲೇ ಸಾಮಾನು ಎತ್ತಿಡಿಸಬೇಕು. ಇಂಗ್ಲಿಷಿನಲ್ಲೇ ಮಾತಾಡಿ ಅಂದಿದ್ದರು. ಐದು ನಿಮಿಷ ನೆನಪಿತ್ತು. ಆಮೇಲೆ ಅವನು ಎತ್ತಿಟ್ಟ ಡಬ್ಬಿಯನ್ನೇ ಮತ್ತೆ ಸುರಿದಾಗ, "ಏಯ್, ಸುಮ್ನಿರೋ ಮಾರಾಯ" ಅಂತ ಜೋರಾಗೇ ಬಂತು. ಆ ವಿಡಿಯೋ ನೋಡಿ ಅಂಕ ಹಾಕುವವರು ಡಿಗ್ರಿ ಓದುವ ಹುಡುಗರು. ಯಾವ ಮಗುವಿಗೆ ತೊಂದರೆ ಇದೆ, ಯಾವುದಕ್ಕಿಲ್ಲ ಅಂತ ಬೇಕಂತಲೇ ಅವರಿಗೆ ಹೇಳಿರುವುದಿಲ್ಲ. ಮಾರಾಯ ಅನ್ನೋದು ಬೈಗುಳವಾ ಅಂತ ಕೇಳಿಸಿದರು. ಅಲ್ಲ ಅಂತ ಬರೆದುಕೊಟ್ಟೆ. ಬೈಗುಳವೇ ಅಲ್ವಾ ಒಂದು ಲೆಕ್ಕಕ್ಕೆ?

ಇಡೀ ದಿನದಲ್ಲಿ ಕಷ್ಟ ಆಗಿದ್ದು ಒಂದು ಕಾಗದ. ಮಕ್ಕಳನ್ನು ಬೆಳೆಸುವ ರೀತಿಯ ಬಗ್ಗೆ ಪ್ರಶ್ನೆಗಳು. ಕೈಯಲ್ಲಿ ಹೊಡೆದಿದ್ದೀರಾ, ಕೆನ್ನೆಗೆ ಹೊಡೆದಿದ್ದೀರಾ. ಬೆಳಿಗ್ಗೆ ಓದಿಸಿದ 'ತಿಳಿಸಲೇಬೇಕು' ಸಾಲು ಕಣ್ಣ ಮುಂದೆ ಬಂತು. ಹೊಡೆದಿದ್ದೆ. ಎರಡು ಸಲ. ಒಂದು ಸಲ ಪಾರ್ಕಿಂಗ್ ಲಾಟಿನಲ್ಲಿ ಕಾರು ಬರುತ್ತಿರುವಾಗ ಓಡಿದ್ದಕ್ಕೆ, ಇನ್ನೊಂದು ಸಲ ಯಾಕೆ ಅಂತ ನನಗೇ ಹೇಳೋಕೆ ಬರುವುದಿಲ್ಲ. ನಾವೆಲ್ಲ ಏಟು ತಿಂದೇ ಬೆಳೆದವರು, ಶಿವಮೊಗ್ಗದಲ್ಲಿ ಇದನ್ನು ಯಾರೂ ಕಾಗದದಲ್ಲಿ ಕೇಳುವುದಿಲ್ಲ. ಹತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದು ಕೊನೆಗೆ ಕೋಆರ್ಡಿನೇಟರನ್ನು ಕರೆದು ಕೇಳಿದೆ. ಅವಳು ಸುಳ್ಳು ಧೈರ್ಯ ಹೇಳಲಿಲ್ಲ. ಅಪಾಯ ಅನ್ನಿಸಿದರೆ ನಾವು ಹೇಳಬೇಕು ಅನ್ನೋದು ನಿಜ, ಆದರೆ ಈ ಪ್ರಶ್ನೆ ಎಲ್ಲ ಅಪ್ಪ ಅಮ್ಮಂದಿರಿಗೂ ಇದೆ, ಬೇಡವಾದರೆ ಬಿಟ್ಟುಬಿಡಿ ಅಂದಳು. 'ಅಪರೂಪಕ್ಕೆ' ಅಂತ ಗುರುತು ಹಾಕಿದೆ. ಹೊರಡುವ ಮೊದಲು ಲೈಸೆನ್ಸ್ ಇರುವ ಸೈಕಾಲಜಿಸ್ಟ್ ಬಂದು ಅದರ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಉತ್ತರ ಕೇಳಿಸಿಕೊಂಡರು, ಅಲ್ಲಿಗೆ ಮುಗಿಯಿತು. ಆದರೂ ಒಂದು ವಾರ ಬಾಗಿಲು ತಟ್ಟಿದ ಸದ್ದಿಗೆಲ್ಲ ನನ್ನ ಎದೆ ಧಸಕ್ಕನೆ ಬೀಳುತ್ತಿತ್ತು.

ಹೊರಡುವಾಗ ದುಡ್ಡಿನ ತಲೆನೋವು. ಅಧ್ಯಯನಕ್ಕೆ ಬಂದದ್ದಕ್ಕೆ ಕೊಡುವ ದುಡ್ಡನ್ನು ಕಾರ್ಡಿಗೆ ಹಾಕೋಕೆ ಅಮೆರಿಕ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯೂರಿಟಿ ನಂಬರ್ ಬೇಕು ಅಂದರು. ನಾನು ಎಚ್-4, ಅಂದರೆ ಗಂಡನ ಕೆಲಸದ ವೀಸಾದ ಜೊತೆ ಬಂದ ವೀಸಾದವಳು, ನನಗೆಲ್ಲಿಂದ ಬರಬೇಕು? ನಮ್ಮ ವಿಷಯದಲ್ಲಿ ಕೊನೆಗೆ ಪುಟ್ಟನ ಹೆಸರಿಗೇ ಹಾಕಿದರು, ಅವನು ಇಲ್ಲೇ ಹುಟ್ಟಿದವನು. ನಮ್ಮ ಹಾಗೆ ವೀಸಾದಲ್ಲಿರುವವರು ಮೊದಲ ಫೋನಿನಲ್ಲೇ ಇದನ್ನು ಕೇಳಿ.

ಅವತ್ತು ಪುಟ್ಟ ಕಾರಿನಲ್ಲಿ ಕೇಳಿದ್ದು, "ಡಾಕ್ಟರು ಯಾವಾಗ ಬರ್ತಾರೆ?" ಐದಾರು ಗಂಟೆ ಕಳೆದಿದ್ದೆವು, ಏಳು ಜನರನ್ನು ನೋಡಿದ್ದೆವು, ಬಿಳಿ ಕೋಟಿನವರು ಒಬ್ಬರೂ ಬಂದಿರಲಿಲ್ಲ. ನನಗೂ ಅದೇ ಪ್ರಶ್ನೆ ಇತ್ತು. ನಿಧಾನಕ್ಕೆ ಅರ್ಥವಾಯಿತು. ಅಧ್ಯಯನದ ಯಜಮಾನರು ಒಬ್ಬ ಪ್ರೊಫೆಸರ್. ದುಡ್ಡು ತರುವುದು, ಪ್ರಶ್ನೆ ಏನು ಅಂತ ತೀರ್ಮಾನಿಸುವುದು, ಬರೆಯುವುದು ಅವರದ್ದು. ಮಗುವಿನ ಎದುರು ಕೂರುವುದು ಪಿಎಚ್‌ಡಿ ಮಕ್ಕಳು, ಅವರ ಮೇಲೆ ಕಣ್ಣಿಟ್ಟು ಸಹಿ ಹಾಕುವುದು ಸೈಕಾಲಜಿಸ್ಟ್. ವಿಡಿಯೋ ನೋಡುವುದು ಡಿಗ್ರಿ ಹುಡುಗರು. ಇಷ್ಟು ಜನರನ್ನು ಒಂದು ದಾರಕ್ಕೆ ಪೋಣಿಸಿ, ಮಗುವಿಗೆ ಬಿಸ್ಕತ್ತು ಕೊಟ್ಟು, ಅಮ್ಮನ ಕಣ್ಣೀರು ಒರೆಸಿ, ರಾತ್ರಿ ಎಂಟಕ್ಕೆ ಇಮೇಲಿಗೆ ಉತ್ತರ ಕೊಡುವವಳು ಆ 23ರ ಹುಡುಗಿ.

ಪ್ರೊಫೆಸರ್ ಸಿಕ್ಕಿದ್ದು ಮೇ ತಿಂಗಳಲ್ಲಿ, ಹದಿನೈದು ನಿಮಿಷ. ಎಡಿಎಚ್‌ಡಿ ಇದೆ, ಗಮನದ ಭಾಗ ಹೆಚ್ಚು, ಚಡಪಡಿಕೆ ಕಡಿಮೆ ಅಂದರು. ಈ ನಮೂನೆ ಬೇಗ ಕಣ್ಣಿಗೆ ಬೀಳುವುದಿಲ್ಲ, ಹೆಣ್ಣುಮಕ್ಕಳಲ್ಲಂತೂ ವರ್ಷಗಟ್ಟಲೆ ತಪ್ಪಿಹೋಗುತ್ತದೆ. ಸ್ಕ್ಯಾನ್ ಮಾಡಿದರೆ ಇನ್ನೂ ಖಚಿತ ಆಗುತ್ತದಲ್ವಾ ಅಂತ ಕೇಳಿದೆ. ಇಲ್ಲವಂತೆ. ಎಡಿಎಚ್‌ಡಿ ಪತ್ತೆ ಮಾಡುವ ಸ್ಕ್ಯಾನೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ. ನೂರಾರು ಮಕ್ಕಳ ಚಿತ್ರ ಒಟ್ಟಿಗಿಟ್ಟಾಗ ಮಾತ್ರ ಸಣ್ಣ ವ್ಯತ್ಯಾಸ ಕಾಣುತ್ತದೆ. 2007ರಲ್ಲಿ ಹಾಗೆ 223 ಎಡಿಎಚ್‌ಡಿ ಮಕ್ಕಳನ್ನು ಅಷ್ಟೇ ಸಂಖ್ಯೆಯ ಬೇರೆ ಮಕ್ಕಳ ಜೊತೆ ಹೋಲಿಸಿದ್ದರು. ಮಿದುಳಿನ ಹೊರಪದರ ಪೂರ್ತಿ ದಪ್ಪಕ್ಕೆ ಬರುವುದು ಬೇರೆ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕಾದರೆ ಇವರಲ್ಲಿ ಹತ್ತೂವರೆಗೆ. ಅಂದರೆ ಬೆಳೆಯುವ ಕ್ರಮ ಅದೇ, ಮೂರು ವರ್ಷ ತಡ. ಊರಿನವರಿಗೆ ಎಷ್ಟು ಹೇಳಿದರೂ "ಸ್ಕ್ಯಾನಲ್ಲಿ ಏನ್ ಬಂತು?" ಅಂತಲೇ ಕೇಳುತ್ತಾರೆ. ಏನೂ ಬರುವುದಿಲ್ಲ ಮಾರಾಯ್ರೇ.

ಜೂನ್, ಜುಲೈ ಊರಿಗೆ ಹೋದೆವು. ಬಂದ ಮೇಲೆ, ಆಗಸ್ಟ್ ಕೊನೆಯಲ್ಲಿ ಸ್ಕೂಲು ಶುರುವಾಗುವಾಗ ಮಕ್ಕಳ ಡಾಕ್ಟರು ಮೀಥೈಲ್‌ಫೆನಿಡೇಟ್ ಅನ್ನುವ ಎಡಿಎಚ್‌ಡಿ ಮಾತ್ರೆ ಶುರು ಮಾಡಿದರು, ಸಣ್ಣ ಪ್ರಮಾಣದಲ್ಲಿ. ಔಷಧ ಕೊಟ್ಟಿದ್ದು ಅವರು, ರಿಸರ್ಚಿನವರಲ್ಲ, ಇದು ಗೊತ್ತಿರಲಿ. ಈ ಮಾತ್ರೆಗೆ ಅಮೆರಿಕದಲ್ಲಿ ರೀಫಿಲ್ ಇಲ್ಲ, ಪ್ರತಿ ಸಲ ಹೊಸ ಚೀಟಿ ಬೇಕು. ತಿಂಗಳ ಕೊನೆಯವರೆಗೆ ಕಾಯದೆ ವಾರ ಮೊದಲೇ ಫೋನ್ ಮಾಡಿ. ಮೊದಲ ಎರಡು ವಾರ ಮಧ್ಯಾಹ್ನದ ಡಬ್ಬಿ ಹೋದ ಹಾಗೇ ವಾಪಸ್ ಬರುತ್ತಿತ್ತು, ಹಸಿವೇ ಇಲ್ಲ. ಬೆಳಿಗ್ಗೆ ಮಾತ್ರೆಗೆ ಮೊದಲು ತುಪ್ಪ ಹಾಕಿ ಎರಡು ದೋಸೆ ತಿನ್ನಿಸೋಕೆ ಶುರು ಮಾಡಿದ ಮೇಲೆ ಸ್ವಲ್ಪ ಸರಿಹೋಯಿತು.

ಎಂಆರ್‌ಐ ಸೆಪ್ಟೆಂಬರ್‌ನ ಒಂದು ಶನಿವಾರ. ಹಿಂದಿನ ದಿನವೂ ಅವತ್ತೂ ಮಾತ್ರೆ ಕೊಡಬೇಡಿ ಅಂತ ಕೋಆರ್ಡಿನೇಟರ್ ಇಮೇಲು, ಮೆಸೇಜು, ಫೋನು, ಮೂರರಲ್ಲೂ ಹೇಳಿದ್ದಳು. ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ, ಕೈ ತಾನಾಗೇ ಡಬ್ಬಿ ತೆಗೆಯಿತು, ಅವನು ನುಂಗಿದ. ಆಮೇಲೆ ನೆನಪಾಯಿತು. ತಪ್ಪು ಪೂರ್ತಿ ನನ್ನದೇ. ಹೇಳದೇ ಹೋಗಿಬಿಡೋಣ ಅನ್ನಿಸಿದ್ದೂ ನಿಜ. ಫೋನ್ ಮಾಡಿ ಹೇಳಿದೆ. ಬೈಯಲಿಲ್ಲ, ಆದರೆ ಆ ದಿನ ರದ್ದು, ಮುಂದಿನ ಜಾಗ ಸಿಕ್ಕಿದ್ದು ಐದು ವಾರ ಬಿಟ್ಟು. ಮಾತ್ರೆ ಡಬ್ಬಿಗೆ ಹಿಂದಿನ ರಾತ್ರಿಯೇ ರಬ್ಬರ್ ಬ್ಯಾಂಡ್ ಸುತ್ತಿಡಿ, ಅಷ್ಟೇ ಉಪಾಯ.

ಅಕ್ಟೋಬರ್‌ನಲ್ಲಿ ಮತ್ತೆ ಹೋದೆವು. ಮೊದಲು ಸುಳ್ಳು ಮಷೀನಿನಲ್ಲಿ ಅಭ್ಯಾಸ. ನೋಡೋಕೆ ಸ್ಕ್ಯಾನರ್ ಹಾಗೇ ಇರುತ್ತದೆ, ಸದ್ದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಒಳಗೆ ಮಲಗಿ ಕಾರ್ಟೂನ್ ನೋಡಬೇಕು, ತಲೆ ಅಲ್ಲಾಡಿಸಿದರೆ ಕಾರ್ಟೂನ್ ನಿಂತುಬಿಡುತ್ತದೆ. ಒಂದು ಕಡೆ ಎರಡು ನಿಮಿಷ ಕೂರದ ಹುಡುಗ ಹದಿನೈದು ನಿಮಿಷದಲ್ಲಿ ಕಲ್ಲಿನ ಹಾಗೆ ಮಲಗೋದು ಕಲಿತ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಮೈಮೇಲೆ ಲೋಹ ಏನಾದರೂ ಇದೆಯಾ ಅಂತ ಕೇಳುವ ಫಾರಂನಲ್ಲಿ ನಾನು ಎಲ್ಲದಕ್ಕೂ 'ಇಲ್ಲ' ಅಂತ ಹಾಕಿದ್ದೆ. ಬಟ್ಟೆ ಬದಲಿಸುವಾಗ ಪುಟ್ಟನೇ ಕೇಳಿದ, "ಅಮ್ಮ, ಅಜ್ಜಿ ಕಟ್ಟಿದ್ದು?" ಉಡಿದಾರ! ಬೇಸಿಗೆ ರಜೆಯಲ್ಲಿ ಅತ್ತೆ ಮೊಮ್ಮಗನಿಗೆ ದೃಷ್ಟಿಯಾಗಿದೆ, ಅದಕ್ಕೇ ಒಂದು ಕಡೆ ಕೂರಲ್ಲ ಅಂತ ಕರಿ ದಾರದ ಉಡಿದಾರಕ್ಕೆ ತಾಯಿತ ಹಾಕಿಸಿ ಕಟ್ಟಿದ್ದರು. ಬೆಳ್ಳಿ ಅಂತ ಅವರು ಹೇಳಿದ್ದು. ಒಳಗೇನಿದೆಯೋ ಯಾರಿಗೆ ಗೊತ್ತು. ಮಷೀನ್ ನಡೆಸುವ ಹಿರಿಯ ಹೆಂಗಸು ತಾಯಿತವನ್ನು ನೋಡಿ ತಲೆಯಾಡಿಸಿದರು, ಏನು ಲೋಹ ಅಂತ ಗೊತ್ತಿಲ್ಲದ್ದು ಒಳಗೆ ಹೋಗುವ ಹಾಗಿಲ್ಲ. ಗಂಟು ಬಿಚ್ಚೋಕೆ ನೋಡಿದೆ. ಅತ್ತೆ ಹಾಕಿದ ಗಂಟು, ಬಿಚ್ಚುತ್ತದಾ? ಪುಟ್ಟನ ಮುಖ ಸಣ್ಣಗಾಗಿತ್ತು, ಇದು ತೆಗೆದರೆ ತನಗೇನಾದರೂ ಆಗುತ್ತದಾ ಅಂತ. ಕೋಆರ್ಡಿನೇಟರ್ ಮಂಡಿಯೂರಿ ಕೂತು, ಇದು ಯಾರು ಕೊಟ್ಟಿದ್ದು, ಯಾಕೆ ಅಂತ ಅವನನ್ನೇ ಕೇಳಿದಳು. ಅವನು ಹೇಳಿದ. ಕತ್ತರಿ ಕೊಟ್ಟಳು, ನಾನು ಕತ್ತರಿಸಿದೆ. ಅವಳು ಅದನ್ನು ಒಂದು ಕವರಿನಲ್ಲಿ ಹಾಕಿ ಅಂಟಿಸಿ, ಮೇಲೆ ಅವನ ಕೈಯಲ್ಲೇ ಹೆಸರು ಬರೆಸಿ, ನೀನು ಹೊರಗೆ ಬರುವವರೆಗೆ ನನ್ನ ಕೈಯಲ್ಲೇ ಇರುತ್ತದೆ ಅಂದಳು. ಐವತ್ತು ನಿಮಿಷ ಹಿಡಿದುಕೊಂಡೇ ನಿಂತಿದ್ದಳು. ನಾನು ನೋಡಿದೆ.

ಮಿದುಳಿನ ಒಂದು ಚಿತ್ರ ಪ್ರಿಂಟ್ ಹಾಕಿ ಕೊಟ್ಟರು. ಪುಟ್ಟ ಅದನ್ನು ಹೂಕೋಸು ಅನ್ನುತ್ತಾನೆ.

ಈ ಮಧ್ಯೆ ಸೆಪ್ಟೆಂಬರ್‌ನಿಂದ ಎಂಟು ವಾರ ಅಪ್ಪ ಅಮ್ಮಂದಿರ ಕ್ಲಾಸು ಇತ್ತು, ಮಂಗಳವಾರ ಸಂಜೆ. ಅದು ಅಧ್ಯಯನದ ಭಾಗವಲ್ಲ, ಆದರೆ ಸೇರಿದವರಿಗೆ ಬಿಟ್ಟಿ. ಹೇಳಿಕೊಟ್ಟಿದ್ದರಲ್ಲಿ ನಮಗೆ ಉಪಯೋಗಕ್ಕೆ ಬಂದಿದ್ದು ದಿನದ ರಿಪೋರ್ಟ್ ಕಾರ್ಡ್. ಟೀಚರ್ ದಿನಾ ಮೂರೇ ಮೂರು ವಿಷಯಕ್ಕೆ ಹೌದು ಇಲ್ಲ ಹಾಕುತ್ತಾರೆ, ಮನೆಯಲ್ಲಿ ಅದಕ್ಕೆ ಪಾಯಿಂಟು, ಪಾಯಿಂಟಿಗೆ ಬಹುಮಾನ. ನಮ್ಮ ಮನೆಯಲ್ಲಿ ಇಪ್ಪತ್ತು ಪಾಯಿಂಟಾದರೆ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನು. ಈ ಪದ್ಧತಿಯನ್ನು ಬೆಳೆಸಿದವರಲ್ಲಿ ವಿಲಿಯಂ ಪೆಲ್ಹ್ಯಾಂ ದೊಡ್ಡ ಹೆಸರು. 1980ರಲ್ಲಿ ಫ್ಲೋರಿಡಾದಲ್ಲಿ ಬೇಸಿಗೆ ಶಿಬಿರವನ್ನೇ ಚಿಕಿತ್ಸೆ ಮಾಡಿದವರು, ಆಮೇಲೆ ಇದೇ ಪಿಟ್ಸ್‌ಬರ್ಗಿನಲ್ಲಿ ವರ್ಷಗಟ್ಟಲೆ ನಡೆಸಿದರು, 2023ರಲ್ಲಿ ತೀರಿಕೊಂಡರು. 1987ರಿಂದ 1996ರವರೆಗೆ ಇಲ್ಲಿಗೆ ಬಂದಿದ್ದ ಮಕ್ಕಳಲ್ಲಿ 364 ಜನರನ್ನು ಬ್ರೂಕ್ ಮೊಲಿನಾ ಅನ್ನುವ ಸಂಶೋಧಕಿ ಮತ್ತು ತಂಡದವರು ದೊಡ್ಡವರಾಗುವವರೆಗೂ ಹಿಂಬಾಲಿಸಿದ್ದಾರೆ. 579 ಮಕ್ಕಳ ಎಂಟಿಎ ಅನ್ನುವ ದೊಡ್ಡ ಅಧ್ಯಯನ, 1999ರಲ್ಲಿ ಫಲಿತಾಂಶ ಬಂದದ್ದು, ಅದರ ಆರು ಜಾಗಗಳಲ್ಲಿ ಪಿಟ್ಸ್‌ಬರ್ಗೂ ಒಂದು. ಅದರಲ್ಲೂ ಚಿಕಿತ್ಸೆ ನಡೆದಿದ್ದು 14 ತಿಂಗಳೇ. ನಮ್ಮನೆಯವರು 'ಪ್ರಯೋಗಕ್ಕೆ ಕೊಡೋದಾ' ಅಂದಿದ್ದರಲ್ಲ, ಮೂರನೇ ಮಂಗಳವಾರ ಇದನ್ನೆಲ್ಲ ಕೇಳಿಸಿಕೊಂಡು ಬಂದವರು, "ಆ 364 ಜನದ ಅಪ್ಪ ಅಮ್ಮ ಒಪ್ಪಿದ್ದಕ್ಕೆ ನಮಗೆ ಈ ಕಾರ್ಡ್ ಸಿಕ್ತು ಅನ್ನು" ಅಂದರು. ಮುಂದಿನ ವಾರದಿಂದ ಪಾಯಿಂಟ್ ಬರೆಯುವ ನೋಟ್‌ಬುಕ್ ಅವರೇ ಇಟ್ಟುಕೊಂಡರು. ಎರಡು ಸಲ ಕಳೆದುಹಾಕಿದರು.

ಈಗ ಸ್ಕೂಲಿನ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ರಿಸರ್ಚಿನವರು ಕೊಡುವುದು ಸಣ್ಣ ಸಾರಾಂಶ, ಖಾಸಗಿ ಕ್ಲಿನಿಕ್ಕಿನ ಇಪ್ಪತ್ತು ಪುಟದ ವರದಿ ಅಲ್ಲ. ನಮ್ಮ ಸ್ಕೂಲು ಮೊದಲು ಇದು ಸಾಲದು ಅಂತು. ಆಗ ಗೊತ್ತಾಗಿದ್ದು, ಸ್ಕೂಲಿನವರೇ ಬಿಟ್ಟಿಯಾಗಿ ಪರೀಕ್ಷೆ ಮಾಡಬೇಕು ಅಂತ ನಾವು ಬರೆದು ಕೇಳಬಹುದಿತ್ತು. ಪೆನ್ಸಿಲ್ವೇನಿಯಾದಲ್ಲಿ ನಾವು ಸಹಿ ಹಾಕಿದ ಒಪ್ಪಿಗೆ ಅವರ ಕೈ ಸೇರಿದ ಮೇಲೆ, ಬೇಸಿಗೆ ರಜೆ ಬಿಟ್ಟು, 60 ದಿನದೊಳಗೆ ಅವರು ವರದಿ ಕೊಡಬೇಕು. ಕಳೆದ ಅಕ್ಟೋಬರ್‌ನಲ್ಲೇ ಇದನ್ನು ಯಾರಾದರೂ ಹೇಳಿದ್ದರೆ! ಬಾಯಲ್ಲಿ ಕೇಳಬೇಡಿ, ತಾರೀಕು ಹಾಕಿ ಇಮೇಲ್ ಮಾಡಿ. ಈಗ ಅವನಿಗೆ 504 ಪ್ಲಾನ್ ಆಗಿದೆ, ಅಂದರೆ ಇಂಥ ತೊಂದರೆ ಇರುವ ಮಗುವಿಗೆ ಸ್ಕೂಲಿನವರು ಏನೇನು ಅನುಕೂಲ ಮಾಡಿಕೊಡಬೇಕು ಅಂತ ಬರೆದಿಡುವುದು. ಮುಂದಿನ ಸಾಲಿನಲ್ಲಿ ಕುರ್ಚಿ, ಟೆಸ್ಟಿಗೆ ಜಾಸ್ತಿ ಹೊತ್ತು, ಮಧ್ಯದಲ್ಲಿ ಎದ್ದು ಓಡಾಡೋಕೆ ಬಿಡುವು.

ಒಟ್ಟು ನಮ್ಮ ಕೈಯಿಂದ ಹೋಗಿದ್ದು ಮಕ್ಕಳ ಡಾಕ್ಟರಿಗೆ ನಾಲ್ಕು ಕೋಪೇ (ಇನ್ಶೂರೆನ್ಸ್ ಇದ್ದರೂ ಪ್ರತಿ ಸಲ ನಾವು ಕೊಡುವ ಪಾಲು), ನೂರಾ ಇಪ್ಪತ್ತು ಡಾಲರ್, ಮತ್ತೆ ನಮ್ಮನೆಯವರ ಮೂರು ದಿನದ ರಜೆ. ಬಂದಿದ್ದು ಪುಟ್ಟನ ಕಾರ್ಡಿಗೆ ಇನ್ನೂರು ಡಾಲರ್. ಲೆಗೋ ಆಯಿತು.

ಕೋಆರ್ಡಿನೇಟರ್ ನವೆಂಬರ್‌ನಲ್ಲಿ ಹೋದಳು. ಗ್ರಾಂಟಿನ ಆ ಭಾಗದ ದುಡ್ಡು ಮುಗಿದಿತ್ತು, ಅವಳ ಎರಡು ವರ್ಷವೂ ಮುಗಿದಿತ್ತು. ಇಂಥ ಕಡೆ ಇದು ಮಾಮೂಲು, ಅಧ್ಯಯನ ಇರುತ್ತದೆ, ಜನ ಬದಲಾಗುತ್ತಾರೆ. ನನಗೆ ಒಂದು ದಿನ ಪೂರ್ತಿ ಬೇಜಾರಾಯಿತು. ಕೊನೆಯ ದಿನಕ್ಕೆ ಅಂತ ಕೋಡುಬಳೆ ಮಾಡಿಕೊಂಡು ಹೋದೆ, ಉಡುಗೊರೆ ತಗೊಳ್ಳೋ ಹಾಗಿಲ್ಲ ಅಂದಳು, ಆಮೇಲೆ ರೂಮಿನಲ್ಲಿದ್ದವರೆಲ್ಲ ಸೇರಿ ಅಲ್ಲೇ ತಿಂದು ಖಾಲಿ ಮಾಡಿದರೆ ಅದು ಉಡುಗೊರೆ ಅಲ್ಲ ಅಂತ ಅವಳೇ ತೀರ್ಮಾನಿಸಿದಳು.

ಮುಂದಿನ ಅಕ್ಟೋಬರ್‌ಗೆ ಇನ್ನೊಂದು ಸ್ಕ್ಯಾನ್ ಇದೆ. ತಾಯಿತದ ಕವರು ಅಂಟಿಸಿದ್ದು ಅಂಟಿಸಿದ ಹಾಗೇ ನನ್ನ ಡ್ರಾಯರಿನಲ್ಲಿದೆ, ಅಲ್ಲಿಯವರೆಗೆ ಕಟ್ಟುವುದಿಲ್ಲ. ಭಾನುವಾರ ವಿಡಿಯೋ ಕಾಲ್ ಬಂದಾಗ ಪುಟ್ಟನಿಗೆ ಅಂಗಿ ಒಳಗೆ ಸಿಕ್ಕಿಸಿಯೇ ಕೂರಿಸುತ್ತೇನೆ. ಶಿವಮೊಗ್ಗದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನಮ್ಮ ಅತ್ತೆಗೆ ಫಾರ್ವರ್ಡ್ ಮಾಡಬೇಡಿ.